ಹದಿನೇಳರ ತೋಳು ಯಾರ ಸ್ವತ್ತು?

2019ರ ಜುಲೈ 25. ಜಪಾನಿನ ಈಶಾನ್ಯ ಭಾಗದ ಇವಾತೆ ಪ್ರಾಂತ್ಯದಲ್ಲಿ ಹೈಸ್ಕೂಲು ಬೇಸ್‌ಬಾಲ್ ತಂಡಗಳ ಅಂತಿಮ ಪಂದ್ಯ. ಗೆದ್ದವರಿಗೆ ರಾಷ್ಟ್ರಮಟ್ಟದ ಕೋಶಿಯೆನ್ ಪಂದ್ಯಾವಳಿಗೆ ಪ್ರವೇಶ. ಒಫುನಾತೊ ಎಂಬ ಕಡಲತೀರದ ಪಟ್ಟಣದ ಸರ್ಕಾರಿ ಶಾಲೆಯೊಂದು 35 ವರ್ಷಗಳ ಬಳಿಕ ಆ ಹೊಸ್ತಿಲಿಗೆ ಬಂದು ನಿಂತಿತ್ತು. ಗಂಟೆಗೆ 163 ಕಿ.ಮೀ. ವೇಗದಲ್ಲಿ ಚೆಂಡೆಸೆದು ಆಗಲೇ ದೇಶವನ್ನೆಲ್ಲ ಬೆರಗುಗೊಳಿಸಿದ್ದ 17 ವರ್ಷದ ರೋಕಿ ಸಸಾಕಿ ಆ ತಂಡದಲ್ಲಿದ್ದ. ಆದರೆ ಅಂದು ಅವನು ಒಂದು ಚೆಂಡನ್ನೂ ಎಸೆಯಲಿಲ್ಲ. ತರಬೇತುದಾರ ಯೋಹೆಯಿ ಕೊಕುಬೊ ಅವನನ್ನು ಬೆಂಚಿನಿಂದ ಏಳಿಸಲೇ ಇಲ್ಲ. ಒಫುನಾತೊ 2–12ರಿಂದ ಸೋತಿತು.

ಗಾಯದ ಅಪಾಯವನ್ನು ತಪ್ಪಿಸುವುದಕ್ಕಾಗಿ ಹಾಗೆ ಮಾಡಿದೆನೆಂದು ಕೊಕುಬೊ ಹೇಳಿದರು. ಲೆಕ್ಕ ಅವರ ಕಣ್ಣೆದುರಿಗೇ ಇತ್ತು. ನಾಲ್ಕು ದಿನಗಳ ಹಿಂದೆ 12 ಇನಿಂಗ್ಸ್‌ಗಳವರೆಗೆ ಎಳೆದ ಪಂದ್ಯದಲ್ಲಿ ಸಸಾಕಿ 194 ಚೆಂಡು ಎಸೆದಿದ್ದ. ಅಂತಿಮ ಪಂದ್ಯದ ಹಿಂದಿನ ದಿನವಷ್ಟೇ ಮತ್ತೆ 129. ಕ್ರಿಕೆಟ್‌ನ ಭಾಷೆಯಲ್ಲಿ ಹೇಳುವುದಾದರೆ ಒಂದೇ ದಿನ 32 ಓವರುಗಳಷ್ಟು ಎಸೆತ, ಅದೂ ಪೂರ್ಣ ವೇಗದಲ್ಲಿ. ಇಷ್ಟಾದರೂ ಶಾಲೆಗೆ ಬಂದ ದೂರವಾಣಿ ಕರೆಗಳಲ್ಲಿ ಸಿಟ್ಟೇ ತುಂಬಿತ್ತು. ಗೆಲ್ಲಬಹುದಾದ ಪಂದ್ಯವನ್ನು ಕೈಯಾರೆ ಕೊಟ್ಟಿರಲ್ಲ, ಉಳಿದ ಹುಡುಗರ ಕನಸಿಗೆ ಬೆಲೆಯಿಲ್ಲವೆ ಎಂಬುದು ದೂರು. ವಾರಗಟ್ಟಲೆ ಜಪಾನ್ ಈ ಒಂದು ನಿರ್ಧಾರವನ್ನು ಚರ್ಚಿಸಿತು. ತನಗೂ ಆಡುವ ಆಸೆಯಿತ್ತೆಂಬುದನ್ನು ಹುಡುಗ ಮುಚ್ಚಿಡಲಿಲ್ಲ.

ಒಬ್ಬ ಹುಡುಗನ ಒಂದು ಪಂದ್ಯದ ಬಿಡುವು ಇಷ್ಟು ದೊಡ್ಡ ಸಂಗತಿ ಹೇಗಾಯಿತು ಎಂದು ನಮಗೆ ಅನ್ನಿಸುವುದು ಸಹಜ. ಅದಕ್ಕೆ ಕೋಶಿಯೆನ್ ಎಂದರೇನೆಂದು ತಿಳಿಯಬೇಕು.

ಬೇಸ್‌ಬಾಲನ್ನು ಜಪಾನಿಗೆ ತಂದವನು 1872ರ ಸುಮಾರಿಗೆ ಟೋಕಿಯೊದಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಹೊರೇಸ್ ವಿಲ್ಸನ್. 1896ರಲ್ಲಿ ಟೋಕಿಯೊದ ವಿದ್ಯಾರ್ಥಿಗಳು ಯೊಕೊಹಾಮಾದಲ್ಲಿದ್ದ ಅಮೆರಿಕನ್ನರ ತಂಡವನ್ನು 29–4ರಿಂದ ಸೋಲಿಸಿದ ಮೇಲಂತೂ ಅದು ಪರದೇಶದ ಆಟವಾಗಿ ಉಳಿಯಲಿಲ್ಲ. ಸ್ವಾಭಿಮಾನದ ಪ್ರಶ್ನೆಯಾಯಿತು, ಶಾಲೆಗಳ ಶಿಸ್ತಿನ ಪಾಠವಾಯಿತು. ಬೇಸಿಗೆಯ ರಾಷ್ಟ್ರೀಯ ಪಂದ್ಯಾವಳಿ 1915ರಲ್ಲಿ ಆರಂಭವಾಯಿತು. ಅದಕ್ಕೆಂದೇ ನಿಶಿನೊಮಿಯದಲ್ಲಿ ಕಟ್ಟಿದ ಕ್ರೀಡಾಂಗಣ 1924ರಲ್ಲಿ ತೆರೆಯಿತು. ನಮ್ಮಲ್ಲಿರುವಂತೆ ಅಲ್ಲಿಯೂ ಅರವತ್ತು ಸಂವತ್ಸರಗಳ ಚಕ್ರವಿದೆ. ಆ ಚಕ್ರದ ಮೊದಲ ವರ್ಷದ ಹೆಸರೇ ಕ್ರೀಡಾಂಗಣದ ಹೆಸರಿನಲ್ಲಿ ಸೇರಿಕೊಂಡಿದೆ.

ಹತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಹುಡುಗರ ಈ ಪಂದ್ಯಾವಳಿಗೆ ಇತ್ತೀಚಿನ ವರ್ಷಗಳಲ್ಲಿ ಸುಮಾರು 3,400 ತಂಡಗಳು ಸ್ಪರ್ಧಿಸುತ್ತವೆ. ಪ್ರಾಂತ್ಯಕ್ಕೊಂದರಂತೆ, ಟೋಕಿಯೊ ಮತ್ತು ಹೊಕೈಡೊಗಳಿಂದ ಎರಡೆರಡರಂತೆ, ಕೋಶಿಯೆನ್ ತಲುಪುವುದು 49 ಮಾತ್ರ. ಮೊದಲಿನಿಂದ ಕೊನೆಯವರೆಗೂ ಒಂದು ಸೋಲಾದರೆ ಮನೆಗೆ. ಅಂದರೆ, ಸೋಲದೆ ಬೇಸಿಗೆಯನ್ನು ಮುಗಿಸುವುದು ಇಡೀ ದೇಶದಲ್ಲಿ ಒಂದೇ ತಂಡ. ಕೊನೆಯ ವರ್ಷದ ಉಳಿದ ಹುಡುಗರೆಲ್ಲರ ಶಾಲಾ ಬೇಸ್‌ಬಾಲ್ ಸೋಲಿನಲ್ಲಿಯೇ ಮುಗಿಯುತ್ತದೆ.

ಆ ಸೋಲಿಗೆ ಅವರು ಒಂದು ವಿಧಿಯನ್ನೇ ಕಟ್ಟಿಕೊಂಡಿದ್ದಾರೆ. ಕೋಶಿಯೆನ್‌ನಲ್ಲಿ ಸೋತ ಹುಡುಗರು ಮೊಣಕಾಲೂರಿ ಅಂಗಳದ ಮಣ್ಣನ್ನು ಬೊಗಸೆಯಲ್ಲಿ ಬಳಿದು ಬೂಟಿನ ಚೀಲಕ್ಕೆ ತುಂಬಿಕೊಳ್ಳುತ್ತಾರೆ. 1958ರಲ್ಲಿ ಒಕಿನಾವಾದ ಶುರಿ ಶಾಲೆಯ ಹುಡುಗರೂ ಹಾಗೆಯೇ ತುಂಬಿಕೊಂಡರು. ಆಗ ಒಕಿನಾವಾ ಅಮೆರಿಕದ ಆಡಳಿತದಲ್ಲಿತ್ತು; ಜಪಾನಿನ ಮಣ್ಣು ಅಲ್ಲಿಗೆ ಪರದೇಶದ ಮಣ್ಣು. ನಾಹಾ ಬಂದರಿನಲ್ಲಿ ಸಸ್ಯರೋಗ ತಡೆಯ ನಿಯಮವನ್ನು ಮುಂದಿಟ್ಟು ಅದನ್ನು ಕಡಲಿಗೆ ಸುರಿಸಲಾಯಿತು. ಸುದ್ದಿ ತಿಳಿದ ವಿಮಾನ ಪರಿಚಾರಿಕೆಯೊಬ್ಬರು ಕೋಶಿಯೆನ್‌ನ ಬೆಣಚುಕಲ್ಲುಗಳನ್ನು ಆಯ್ದು ಆ ಶಾಲೆಗೆ ತಲುಪಿಸಿದರು. ಕಲ್ಲಿಗೆ ನಿರ್ಬಂಧವಿರಲಿಲ್ಲ!

ಸೋತದ್ದನ್ನು ಮರೆಯಬೇಡ, ಮನೆಗೆ ಒಯ್ಯಿ ಎಂದು ಹದಿನೇಳರ ಹುಡುಗನಿಗೆ ಹೇಳಿಕೊಡುವ ವ್ಯವಸ್ಥೆಗಳು ಲೋಕದಲ್ಲಿ ಹೆಚ್ಚಿಲ್ಲ. ಮೈದಾನಕ್ಕೆ ಕಾಲಿಡುವಾಗ, ಹೊರಡುವಾಗ ಅದಕ್ಕೆ ಬಾಗಿ ನಮಸ್ಕರಿಸುವುದು, ಅಭ್ಯಾಸ ಮುಗಿದ ಮೇಲೆ ನೆಲವನ್ನು ತಾವೇ ಹದಗೊಳಿಸುವುದು ಇವೆಲ್ಲ ಆ ಶಿಕ್ಷಣದ ಭಾಗ. ಅಮೆರಿಕದಲ್ಲಿ ಇಂದು ಮನೆಮಾತಾಗಿರುವ ಶೋಹೆಯಿ ಒಹ್ತಾನಿ ಓದಿದ್ದು ಹನಮಾಕಿ ಹಿಗಾಶಿ ಶಾಲೆಯಲ್ಲಿ. 2019ರಲ್ಲಿ ಒಫುನಾತೊವನ್ನು ಸೋಲಿಸಿದ ಶಾಲೆಯೂ ಅದೇ. ಅಲ್ಲಿನ ತರಬೇತುದಾರರು ಹುಡುಗರಿಂದ 81 ಚೌಕಗಳ ಗುರಿಪಟ್ಟಿಯನ್ನು ಬರೆಸುತ್ತಿದ್ದರು. ಒಹ್ತಾನಿಯ ಪಟ್ಟಿಯಲ್ಲಿ ಚೆಂಡಿನ ವೇಗ, ನಿಯಂತ್ರಣಗಳ ಸಾಲಿನಲ್ಲಿಯೇ ‘ಅದೃಷ್ಟ’ ಎಂಬುದೂ ಒಂದು ಗುರಿ. ಅದು ಒದಗಲು ಮಾಡಬೇಕಾದ ಕೆಲಸಗಳೆಂದು ಅವನು ಬರೆದುಕೊಂಡದ್ದು: ಕಸ ಹೆಕ್ಕುವುದು, ಕೋಣೆಯನ್ನು ಶುಚಿಯಾಗಿಡುವುದು, ಎದುರಾದವರಿಗೆ ವಂದಿಸುವುದು, ಪುಸ್ತಕ ಓದುವುದು, ಅಂಪೈರುಗಳೊಂದಿಗೆ ಸರಿಯಾಗಿ ನಡೆದುಕೊಳ್ಳುವುದು. ಅದೃಷ್ಟವನ್ನು ಪೊರಕೆಯಿಂದ ಸಂಪಾದಿಸಬಹುದೆಂಬ ಈ ನಂಬಿಕೆಯನ್ನು ನಗಲಾಗದು.

ಆದರೆ ಒಹ್ತಾನಿಯಂಥವರನ್ನು ಮಾತ್ರ ನೋಡಿದರೆ ಚಿತ್ರ ಪೂರ್ಣವಾಗುವುದಿಲ್ಲ. ಹೆಸರಾಂತ ಶಾಲೆಗಳ ತಂಡಗಳಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುವುದುಂಟು. ಕೋಶಿಯೆನ್‌ನಲ್ಲಿ ಬೆಂಚಿನ ಮೇಲೆ ಕೂರುವ ಅವಕಾಶ 2023ರಿಂದ 20 ಮಂದಿಗೆ. ಅದಕ್ಕೆ ಮೊದಲು 18. ಉಳಿದವರು ಅದೇ ಬಿಸಿಲಿನಲ್ಲಿ ಪ್ರೇಕ್ಷಕರ ನಡುವೆ ನಿಂತು ಗಂಟಲು ಹರಿಯುವಂತೆ ಕೂಗುತ್ತಾರೆ. ಮೂರು ವರ್ಷ ಬೆಳಗು ಬೈಗು ಅಭ್ಯಾಸ ಮಾಡಿ, ಒಂದೂ ಅಧಿಕೃತ ಪಂದ್ಯ ಆಡದೆ ಶಾಲೆ ಬಿಟ್ಟವರು ಅಸಂಖ್ಯ. ಬೇಸ್‌ಬಾಲ್ ಯಾರನ್ನಾದರೂ ರೂಪಿಸಿದ್ದರೆ, ಹೆಚ್ಚಾಗಿ ರೂಪಿಸಿದ್ದು ಇವರನ್ನು. ತನಗೆ ಸಿಗದ ಜಾಗದಲ್ಲಿ ಗೆಳೆಯ ನಿಂತಿರುವಾಗ ಅವನಿಗಾಗಿ ಮನಸಾರೆ ಕೂಗಲು ಕಲಿತವನು ಮುಂದೆ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ಬೇರೆ ಬಗೆಯ ಮನುಷ್ಯನಾಗಿರುತ್ತಾನೆ ಎಂದು ನಂಬಲು ನಾನು ಸಿದ್ಧ. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನೂ ಆಗಿರಬಹುದು ಎಂಬ ಅನುಮಾನವೂ ಇದೆ.

ಏಕೆಂದರೆ ಅದೇ ಶಿಸ್ತು ಬೇರೆ ಮುಖವನ್ನೂ ತೋರಿಸಿದೆ. ಹಿರಿಯ ವಿದ್ಯಾರ್ಥಿಗಳು ಕಿರಿಯರ ಮೇಲೆ ಕೈಮಾಡುವ ಪಿಡುಗು ಹಳೆಯದು. 2025ರ ಆಗಸ್ಟ್‌ನಲ್ಲಿ ಹಿರೋಶಿಮಾದ ಕೋರ್ಯೊ ಶಾಲೆ, ತಂಡದೊಳಗಿನ ಹಲ್ಲೆಯ ವಿಷಯ ದೊಡ್ಡದಾದ ಮೇಲೆ, ಮೊದಲ ಪಂದ್ಯ ಗೆದ್ದಿದ್ದರೂ ಕೋಶಿಯೆನ್‌ನಿಂದ ಹಿಂದೆ ಸರಿಯಬೇಕಾಯಿತು. ಇನ್ನು ತೋಳುಗಳ ಕಥೆ. 1998ರಲ್ಲಿ ದೈಸುಕೆ ಮತ್ಸುಜಾಕಾ 17 ಇನಿಂಗ್ಸ್‌ಗಳ ಒಂದೇ ಪಂದ್ಯದಲ್ಲಿ 250 ಚೆಂಡು ಎಸೆದ; ಎರಡೇ ದಿನಗಳ ನಂತರ ಫೈನಲ್‌ನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಗೆಲ್ಲಿಸಿದ. 2013ರ ವಸಂತ ಪಂದ್ಯಾವಳಿಯಲ್ಲಿ 16 ವರ್ಷದ ತೊಮೊಹಿರೊ ಅನ್ರಾಕು ಐದು ಪಂದ್ಯಗಳಲ್ಲಿ ಎಸೆದದ್ದು 772. 2018ರಲ್ಲಿ ಅಕಿತಾದ ಕೃಷಿ ಶಾಲೆಯೊಂದರ ಕೋಸೆಯಿ ಯೋಶಿದಾ, 881. ಅಮೆರಿಕದ ಮೇಜರ್ ಲೀಗ್ 17–18ರ ಹುಡುಗರಿಗೆ ಸೂಚಿಸುವ ಮಿತಿ ದಿನಕ್ಕೆ 105 ಚೆಂಡು, ಅಷ್ಟು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಪ್ರತಿ ಎಸೆತದಲ್ಲಿಯೂ ಮೊಣಕೈಯ ಒಳಬದಿಯ ಅಸ್ಥಿಬಂಧ ಜಗ್ಗುತ್ತದೆ. ಅದು ಹರಿದರೆ ಮೈಯ ಬೇರೆ ಕಡೆಯಿಂದ ಸ್ನಾಯುರಜ್ಜು ತೆಗೆದು ಕಸಿ ಮಾಡಬೇಕು. ಮತ್ಸುಜಾಕಾನಿಗೂ 2011ರಲ್ಲಿ ಆ ಶಸ್ತ್ರಚಿಕಿತ್ಸೆಯಾಯಿತು.

ಈ ಎಸೆತಗಳನ್ನು ವೀರಗಾಥೆ ಮಾಡಿದವರಾರು? ಹುಡುಗರಲ್ಲ. ಬೇಸಿಗೆಯ ಪಂದ್ಯಾವಳಿಯನ್ನು ನಡೆಸುವುದು ಅಸಾಹಿ ಪತ್ರಿಕೆ, ವಸಂತದ್ದನ್ನು ಮೈನಿಚಿ. ಹುಡುಗರ ಕಣ್ಣೀರು ಮರುದಿನದ ಮುಖಪುಟವಾಗುತ್ತದೆ. ಪತ್ರಿಕೆಯೇ ಉತ್ಸವದ ಯಜಮಾನನಾದಾಗ ಉತ್ಸವದ ಹುಳುಕನ್ನು ಬರೆಯುವ ಲೇಖನಿ ತಡವರಿಸುವುದು ಅನಿವಾರ್ಯ.

ಬದಲಾವಣೆ ಬಂದಿಲ್ಲವೆಂದಲ್ಲ. ತಲೆ ಬೋಳಿಸುವ ನಿಯಮವಿದ್ದ ಶಾಲೆಗಳು 2018ರಲ್ಲಿ ಸುಮಾರು ನಾಲ್ಕರಲ್ಲಿ ಮೂರರಷ್ಟಿದ್ದವು. 2023ರಲ್ಲಿ ಕಾಲು ಭಾಗಕ್ಕೆ ಇಳಿದವು. ಅದೇ ವರ್ಷ, ಕೂದಲು ಬಿಟ್ಟುಕೊಂಡು, ಆಟವನ್ನು ಆನಂದಿಸಿ ಎಂದು ಹೇಳುವ ತರಬೇತುದಾರರ ಕೈಕೆಳಗೆ ಆಡಿದ ಕೇಯೊ ಶಾಲೆ 107 ವರ್ಷಗಳ ನಂತರ ಪ್ರಶಸ್ತಿ ಗೆದ್ದಿತು. ಹುಡುಗರ ಸಂಖ್ಯೆ ಮಾತ್ರ ಕುಸಿಯುತ್ತಿದೆ: 2014ರಲ್ಲಿ 1,70,000 ದಾಟಿದ್ದದ್ದು 2023ರಲ್ಲಿ 1,30,000ಕ್ಕಿಂತ ಕಡಿಮೆ. ಮಕ್ಕಳೇ ಕಡಿಮೆಯಾಗಿರುವ ದೇಶವೆಂಬುದು ನಿಜ, ಆದರೆ ಅದೊಂದೇ ಕಾರಣವೆಂದು ಹೇಳಿ ಜಾರಿಕೊಳ್ಳುವಂತಿಲ್ಲ.

ಸಸಾಕಿಗೆ ಬರೋಣ. 2011ರ ಸುನಾಮಿಯಲ್ಲಿ, ಒಂಬತ್ತನೆಯ ವಯಸ್ಸಿಗೆ, ಅವನು ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡ. ಮುಂದೆ ದೊಡ್ಡ ಖಾಸಗಿ ಶಾಲೆಗಳು ಕರೆದರೂ ಹೋಗದೆ, ಜೊತೆಯಲ್ಲಿ ಬೆಳೆದ ಗೆಳೆಯರೊಂದಿಗೆ ಕೋಶಿಯೆನ್‌ಗೆ ಹೋಗಬೇಕೆಂದು ಊರಿನ ಶಾಲೆಯನ್ನೇ ಆರಿಸಿಕೊಂಡ. ಹಾಗಾಗಿ ಕೊಕುಬೊ ಅಂದು ತೆತ್ತದ್ದು ಸಣ್ಣ ಬೆಲೆಯಲ್ಲ. ತೆತ್ತವರಲ್ಲಿ ಮುಂದೆ ಯಾವ ವೃತ್ತಿಪರ ತಂಡವೂ ಕರೆಯಲಾರದ ಹುಡುಗರೂ ಇದ್ದರು. ದೂರು ಕೊಟ್ಟವರೆಲ್ಲ ಕಟುಕರಾಗಿರಲಿಲ್ಲ. ಆದರೂ ನನ್ನ ಮತ ಕೊಕುಬೊ ಅವರಿಗೇ. ಹದಿನೇಳರ ಹುಡುಗ ಸಾಕು ಎನ್ನಲಾರ, ಅವನ ಗೆಳೆಯರೂ ಅನ್ನಲಾರರು. ಹಾಗೆ ಅನ್ನಬಾರದೆಂದೇ ಮೂರು ವರ್ಷ ಅವರಿಗೆ ಕಲಿಸಲಾಗಿರುತ್ತದೆ. ಆ ಮಾತನ್ನು ಹಿರಿಯನೊಬ್ಬ ಆಡಬೇಕು. ಬೈಗುಳವನ್ನೂ ಅವನೇ ತಿನ್ನಬೇಕು.

2022ರ ಏಪ್ರಿಲ್ 10ರಂದು, 20ನೆಯ ವಯಸ್ಸಿನಲ್ಲಿ, ಸಸಾಕಿ ಎದುರಾಳಿಯ ಒಬ್ಬನನ್ನೂ ಬೇಸ್ ತಲುಪಲು ಬಿಡದ ‘ಪರ್ಫೆಕ್ಟ್ ಗೇಮ್’ ಎಸೆದ. ಸತತ 13 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಕೊಕುಬೊ ಗೆದ್ದರು ಎಂದು ಅನೇಕರು ಅಂದರು. 2025ರಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡ ಸೇರಿದ ಕೆಲವೇ ತಿಂಗಳುಗಳಲ್ಲಿ ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗುಳಿದ. ಅಷ್ಟು ಜೋಪಾನ ಮಾಡಿದ ತೋಳೂ ನೋಯಿತು. ಅಂದಿನ ನಿರ್ಧಾರವನ್ನು ಇವೆರಡರಿಂದಲೂ ಅಳೆಯಲಾಗದು; ಆ ಬೆಳಿಗ್ಗೆ ಕೊಕುಬೊ ಎದುರಿಗಿದ್ದದ್ದು 194, 129 ಎಂಬ ಎರಡು ಅಂಕಿಗಳು ಮಾತ್ರ.

ಮರುವರ್ಷ, 2020ರಲ್ಲಿ, ಜಪಾನಿನ ಹೈಸ್ಕೂಲು ಬೇಸ್‌ಬಾಲ್ ಒಕ್ಕೂಟ ಹೊಸ ನಿಯಮವನ್ನು ತಂದಿತು: ಒಬ್ಬ ಹುಡುಗ ಒಂದು ವಾರದಲ್ಲಿ 500ಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿಲ್ಲ. ಒಂದೇ ದಿನದಲ್ಲಿ ಎಷ್ಟು ಎಸೆಯಬಹುದೆಂಬುದಕ್ಕೆ ಆ ನಿಯಮದಲ್ಲಿ ಮಿತಿಯಿಲ್ಲ.