ಗಣಕಯಂತ್ರದ ಸರದಿಯಾಟ: ನಕ್ಷೆಯ ಆಯ್ಕೆಗಳು ಮತ್ತು ದೋಷಶೋಧನೆಯ ಕ್ರಮ

ಚದುರಂಗ, ಪಗಡೆ, ಚನ್ನೆಮಣೆ, ಹುಲಿ-ಕುರಿ ಮೊದಲಾದ ಆಟಗಳು ಕನ್ನಡ ನಾಡಿನ ಜಗಲಿಗಳಲ್ಲಿಯೂ ದೇವಾಲಯಗಳ ಕಲ್ಲುಹಾಸುಗಳ ಮೇಲೆಯೂ ಬಹುಕಾಲದಿಂದ ನಡೆದುಬಂದಿವೆ. ಇವೆಲ್ಲವುಗಳ ಸಾಮಾನ್ಯ ಲಕ್ಷಣವೆಂದರೆ ಸರದಿ. ಇಲ್ಲಿ ಕೈಚಳಕಕ್ಕಿಂತ ವಿವೇಚನೆಗೆ ಹೆಚ್ಚಿನ ಸ್ಥಾನ. ಗಣಕಯಂತ್ರವು ಮನೆಮನೆಗೆ ಬಂದ ಮೇಲೆ ಈ ಜಾತಿಯ ಆಟಗಳು ಹೊಸ ರೂಪವನ್ನು ತಾಳಿದವು. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಚದುರಂಗದ ಮಣೆಯಲ್ಲಿ 64 ಮನೆಗಳು. ಅವು ಎಂದಿಗೂ ಬದಲಾಗವು. ಗಣಕಯಂತ್ರದ ಸರದಿಯಾಟದಲ್ಲಾದರೋ ಮಣೆಯೇ ಪ್ರತಿ ಆಟಕ್ಕೂ ಹೊಸದಾಗಿ ಸೃಷ್ಟಿಯಾಗುತ್ತದೆ. ಆ ಮಣೆ ಹೇಗಿರಬೇಕೆಂಬುದನ್ನು ಆಟಗಾರನೇ ನಿರ್ಧರಿಸಬೇಕು. ಹೊಸಬರಿಗೆ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

1991ರಲ್ಲಿ ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆಯು ಸಿಡ್ ಮೈಯರ್ ರೂಪಿಸಿದ 'ಸಿವಿಲೈಜೇಷನ್' ಎಂಬ ಆಟವನ್ನು ಹೊರತಂದಿತು. ಒಂದು ಸಣ್ಣ ವಲಸಿಗರ ತಂಡದಿಂದ ಆರಂಭಿಸಿ, ಊರು ಕಟ್ಟಿ, ಬೇಸಾಯ ಮಾಡಿ, ವಿದ್ಯೆಗಳನ್ನು ಗಳಿಸಿ, ಸಹಸ್ರಾರು ವರ್ಷಗಳ ಚರಿತ್ರೆಯನ್ನು ಸರದಿ ಸರದಿಯಾಗಿ ನಡೆಸುವುದು ಈ ಆಟದ ಸ್ವರೂಪ. ಇದರಿಂದ ಪ್ರೇರಿತರಾಗಿ ಡೆನ್ಮಾರ್ಕ್ ದೇಶದ ಆರ್ಹಸ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು 1995ರಲ್ಲಿ ತಾವೇ ಒಂದು ಆಟವನ್ನು ಬರೆಯಲಾರಂಭಿಸಿ, 1996ರ ಜನವರಿಯಲ್ಲಿ ಅದನ್ನು ಲೋಕಕ್ಕೆ ಉಚಿತವಾಗಿ ನೀಡಿದರು. ಅದೇ 'ಫ್ರೀಸಿವ್'. ಅದರ ಮೂಲಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆಟದ ಒಳಗಿನ ವ್ಯವಸ್ಥೆಯನ್ನು ಅರಿಯಲು ಇದು ಬಹು ಅನುಕೂಲವಾದುದರಿಂದ ಪ್ರಕೃತ ವಿವೇಚನೆಗೆ ಇದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಎರಡು ಭಾಗಗಳು

ದೋಷವನ್ನು ಹುಡುಕುವವನು ಮೊದಲು ತಿಳಿಯಬೇಕಾದುದು, ಫ್ರೀಸಿವ್ ಒಂದೇ ಕಾರ್ಯಕ್ರಮವಲ್ಲ, ಎರಡು ಎಂಬುದನ್ನು. ಒಂದು ಸರ್ವರ್, ಮತ್ತೊಂದು ಕ್ಲೈಂಟ್. ನಕ್ಷೆ, ನಿಯಮ, ಆಟಗಾರರ ಲೆಕ್ಕ ಇವೆಲ್ಲ ಸರ್ವರಿನ ವಶದಲ್ಲಿರುತ್ತವೆ. ಅದು ತಿಳಿಸಿದುದನ್ನು ಪರದೆಯ ಮೇಲೆ ಚಿತ್ರಿಸುವುದು, ಆಟಗಾರನ ಅಪ್ಪಣೆಯನ್ನು ಅದಕ್ಕೆ ಮುಟ್ಟಿಸುವುದು ಕ್ಲೈಂಟಿನ ಕೆಲಸ. ಒಬ್ಬನೇ ತನ್ನ ಯಂತ್ರದಲ್ಲಿ ಆಡುವಾಗಲೂ ತೆರೆಯ ಹಿಂದೆ ಈ ಎರಡೂ ನಡೆಯುತ್ತಿರುತ್ತವೆ.

ಆದುದರಿಂದ ತೊಂದರೆಯೊದಗಿದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ದೋಷವು ಯಾವ ಭಾಗಕ್ಕೆ ಸೇರಿದ್ದು? ಅಕ್ಷರ ಚಿಕ್ಕದಾಗಿದೆ, ಧ್ವನಿ ಕೇಳಿಸದು, ಚಿತ್ರ ವಕ್ರವಾಗಿದೆ ಎಂದರೆ ಅದು ಕ್ಲೈಂಟಿನ ಸೆಟ್ಟಿಂಗ್. ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. ಭೂಮಿ ಸಾಲದು, ಎದುರಾಳಿಗಳಿಲ್ಲ, ಸುತ್ತು ಮುಂದುವರಿಯದು ಎಂದರೆ ಅದು ಸರ್ವರಿಗೆ ಸಂಬಂಧಿಸಿದ್ದು. ಸರ್ವರಿನ ಸೆಟ್ಟಿಂಗ್‌ಗಳಲ್ಲಿ ನಕ್ಷೆಯನ್ನು ಕುರಿತವುಗಳನ್ನು ಆಟ ಆರಂಭವಾಗುವ ಮುನ್ನವೇ ನಿಶ್ಚಯಿಸಬೇಕು. ಗೋಡೆಯೆದ್ದ ಮೇಲೆ ತಳಪಾಯ ಬದಲಿಸಲಾಗದಂತೆ, ನಕ್ಷೆ ಸೃಷ್ಟಿಯಾದ ಮೇಲೆ ಆ ಅಂಕಿಗಳನ್ನು ಬದಲಿಸಲು ಬಾರದು. ಇದನ್ನರಿಯದವರು ಆಟದ ನಡುವೆ ಅಂಕಿ ತಿದ್ದಲು ಹೋಗಿ, ಯಂತ್ರವು ತಮ್ಮ ಮಾತನ್ನು ಕೇಳದೆಂದು ಬೇಸರಪಡುತ್ತಾರೆ.

ಮತ್ತೊಬ್ಬರ ಯಂತ್ರದಲ್ಲಿರುವ ಸರ್ವರಿಗೆ ಸಂಪರ್ಕ ದೊರೆಯದಿದ್ದಾಗ ಮೂರು ಸಂಗತಿಗಳನ್ನು ಕ್ರಮವಾಗಿ ನೋಡಬೇಕು. ಸರ್ವರು ನಿಜವಾಗಿಯೂ ನಡೆಯುತ್ತಿದೆಯೇ? ಎರಡೂ ಕಡೆಯ ಪೋರ್ಟ್ ಸಂಖ್ಯೆ ಒಂದೇ ಆಗಿದೆಯೇ? (ರೂಢಿಯ ಸಂಖ್ಯೆ 5556.) ಎರಡೂ ಕಡೆಯ ಆವೃತ್ತಿಗಳು ಪರಸ್ಪರ ಹೊಂದುತ್ತವೆಯೇ? ಈ ಮೂರರಲ್ಲೊಂದು ತಪ್ಪಿದರೂ ಬಾಗಿಲು ತೆರೆಯದು.

ನಕ್ಷೆಯ ಗಾತ್ರ

ನಕ್ಷೆಯು ಚೌಕಗಳಿಂದಾದುದು. ಅದರ ಗಾತ್ರವನ್ನು ಹೇಳಲು ಮೂರು ಮಾರ್ಗಗಳುಂಟು: ಒಟ್ಟು ಎಷ್ಟು ಸಾವಿರ ಚೌಕಗಳೆಂದು ಹೇಳುವುದು, ಉದ್ದಗಲಗಳನ್ನು ಹೇಳುವುದು, ಅಥವಾ ತಲೆಗೆ ಇಷ್ಟು ಚೌಕ ಭೂಮಿಯೆಂದು ಹೇಳಿ ಉಳಿದ ಲೆಕ್ಕವನ್ನು ಸರ್ವರಿಗೇ ಬಿಡುವುದು. ಈ ಮೂರರಲ್ಲಿ ಯಾವ ಮಾರ್ಗವೆಂಬುದನ್ನು 'ಮ್ಯಾಪ್‌ಸೈಜ್' ಎಂಬ ಆಯ್ಕೆ ನಿರ್ಧರಿಸುತ್ತದೆ. ಒಂದು ಮಾರ್ಗವನ್ನು ಆರಿಸಿದಾಗ ಉಳಿದೆರಡು ಮಾರ್ಗಗಳ ಅಂಕಿಗಳನ್ನು ಸರ್ವರು ಲೆಕ್ಕಿಸುವುದಿಲ್ಲ. 'ಸೈಜ್' ಹೆಚ್ಚಿಸಿದರೂ ನಕ್ಷೆ ದೊಡ್ಡದಾಗಲಿಲ್ಲವೆಂಬ ದೂರಿಗೆ ಬಹುಮಟ್ಟಿಗೆ ಕಾರಣವಿದೇ: ಅಂಕಿ ತಿದ್ದಲ್ಪಟ್ಟಿದೆ, ಮಾರ್ಗ ಮಾತ್ರ ಬೇರೆಯೇ ಇದೆ.

ಗಾತ್ರದೊಡನೆ ಕೂಡಿಸಿ ನೋಡಬೇಕಾದುದು 'ಲ್ಯಾಂಡ್‌ಮಾಸ್', ಅಂದರೆ ನೂರರಲ್ಲಿ ಎಷ್ಟು ಪಾಲು ಭೂಮಿಯೆಂಬುದು. ರೂಢಿಯಲ್ಲಿ ಇದು 30. ಸಣ್ಣ ಲೆಕ್ಕವೊಂದನ್ನು ಮಾಡೋಣವಾಗಲಿ: 4000 ಚೌಕಗಳ ನಕ್ಷೆಯಲ್ಲಿ 30 ಪಾಲು ಭೂಮಿಯೆಂದರೆ 1200 ಚೌಕ. ಆಟಗಾರರು 5 ಮಂದಿಯಾದರೆ ತಲೆಗೆ 240 ಚೌಕ. 12 ಮಂದಿಯಾದರೆ 100. ನಕ್ಷೆಯನ್ನು 1000 ಚೌಕಕ್ಕಿಳಿಸಿದರೆ ಭೂಮಿ 300 ಚೌಕವಾಗಿ, ಅದೇ 12 ಮಂದಿಗೆ ತಲೆಗೆ 25 ಮಾತ್ರ ಉಳಿಯುತ್ತದೆ. 'ಕ್ಲಾಸಿಕ್' ಎಂಬ ನಿಯಮಾವಳಿಯಲ್ಲಿ ಒಂದು ನಗರವು ತಾನಿರುವ ಚೌಕವೂ ಸೇರಿ 21 ಚೌಕಗಳಲ್ಲಿ ದುಡಿಯಬಲ್ಲದು. ಎಂದಮೇಲೆ 25 ಚೌಕವೆಂದರೆ ಒಂದು ನಗರಕ್ಕೆ ಸರಿಹೋಯಿತು, ಎರಡನೆಯದಕ್ಕೆ ಎಡೆಯಿಲ್ಲ. ಇಂತಹ ಸಂದರ್ಭದಲ್ಲಿ ಸರ್ವರು ಯೋಗ್ಯವಾದ ನಕ್ಷೆ ರಚಿಸಲಾಗದೆಂದು ಹೇಳಿ ನಿಂತುಬಿಟ್ಟರೆ ಅದು ಯಂತ್ರದ ದೋಷವಲ್ಲ, ಭಾಗಾಕಾರದ ದೋಷ.

ಗಾತ್ರವನ್ನು ಮಿತಿಮೀರಿ ಹೆಚ್ಚಿಸುವುದೂ ತರವಲ್ಲ. ನಕ್ಷೆ ಹಿರಿದಾದಷ್ಟೂ ನಗರಗಳೂ ದಂಡುಗಳೂ ಹೆಚ್ಚುತ್ತವೆ. ಪ್ರತಿ ಸುತ್ತಿನಲ್ಲಿಯೂ ಗಣಕಯಂತ್ರ ನಡೆಸುವ ಎದುರಾಳಿಗಳು ಆಲೋಚಿಸಬೇಕಾದ ಸಂಗತಿಗಳು ಬೆಳೆಯುತ್ತವೆ. ಆರಂಭದಲ್ಲಿ ಸರಾಗವಾಗಿದ್ದ ಆಟವು ನೂರು ಸುತ್ತುಗಳಾದ ಮೇಲೆ ಕುಂಟತೊಡಗಿದರೆ ಮೊದಲು ಶಂಕಿಸಬೇಕಾದುದು ಇದನ್ನೇ.

ನೆಲದ ಸ್ವರೂಪ

ಭೂಮಿಯ ಪ್ರಮಾಣದಂತೆಯೇ ಅದರ ಗುಣವೂ ಆಯ್ಕೆಗೆ ಒಳಪಟ್ಟಿದೆ. 'ಟೆಂಪರೇಚರ್' ಎಂಬುದು ಶೀತೋಷ್ಣವನ್ನೂ, 'ವೆಟ್‌ನೆಸ್' ಎಂಬುದು ತೇವವನ್ನೂ, 'ಸ್ಟೀಪ್‌ನೆಸ್' ಎಂಬುದು ಬೆಟ್ಟಗುಡ್ಡಗಳ ಪ್ರಮಾಣವನ್ನೂ ಸೂಚಿಸುತ್ತವೆ. ಉಷ್ಣತೆ 50 ಆದರೆ ಭೂಗೋಳದಲ್ಲಿರುವಂತೆ ಧ್ರುವಗಳಲ್ಲಿ ಹಿಮ, ನಡುವೆ ಉಷ್ಣವಲಯ. 100 ಆದರೆ ಹಿಮವೇ ಇಲ್ಲದ ಒಣಭೂಮಿ. ಸೊನ್ನೆಯಾದರೆ ಉಷ್ಣವಲಯವೇ ಇಲ್ಲದ ಶೀತಲೋಕ.

ಇವುಗಳ ಫಲ ಬರಿಯ ನೋಟಕ್ಕೆ ಸೀಮಿತವಲ್ಲ. ಆಟದಲ್ಲಿ ಪ್ರತಿಯೊಬ್ಬ ನಾಗರಿಕನೂ ಸುತ್ತಿಗೆ 2 ಪಾಲು ಆಹಾರವನ್ನು ಉಣ್ಣುತ್ತಾನೆ. ಹುಲ್ಲುಗಾವಲು 2 ಪಾಲು ಆಹಾರ ಕೊಡುತ್ತದೆ, ಬಯಲು 1, ನೀರಾವರಿಯಿಲ್ಲದ ಮರಳುಗಾಡು, ಪರ್ವತ, ಹಿಮಭೂಮಿಗಳು ಏನನ್ನೂ ಕೊಡವು. ತೇವವನ್ನು ತೀರ ಕಡಿಮೆಮಾಡಿ ಬೆಟ್ಟಗಳನ್ನು ಹೆಚ್ಚಿಸಿದವನ ನಗರಗಳು ಹಸಿವಿನಿಂದ ಕುಗ್ಗುವುದು ಸಹಜವೇ. ಆಟದಲ್ಲಿ ತಪ್ಪಿದೆಯೆಂದು ಅವನು ಭಾವಿಸುತ್ತಾನೆ. ಆದರೆ ಬರಗಾಲವನ್ನು ಬರೆದವನು ಅವನೇ.

ನಕ್ಷೆಯನ್ನು ಹೆಣೆಯುವ ವಿಧಾನಕ್ಕೆ 'ಜನರೇಟರ್' ಎಂದು ಹೆಸರು. ರ್‍ಯಾಂಡಮ್, ಫ್ರ್ಯಾಕ್ಟಲ್, ಐಲೆಂಡ್, ಫೇರ್ ಮೊದಲಾದ ವಿಧಾನಗಳುಂಟು. ಮೊದಲೆರಡು ಪ್ರಕೃತಿಯಂತೆ ಏರುಪೇರಾದ ಖಂಡಗಳನ್ನು ಕೊಡುತ್ತವೆ. ಐಲೆಂಡ್ ಎಂಬುದು ಸರಿಸುಮಾರು ಸಮಗಾತ್ರದ ದ್ವೀಪಗಳನ್ನು ಕೊಡುತ್ತದೆ. ಫೇರ್ ಎಂಬುದು ಎಲ್ಲರಿಗೂ ಒಂದೇ ಬಗೆಯ ದ್ವೀಪವನ್ನು ಹಂಚುತ್ತದೆ. ಕೊಟ್ಟ ಗಾತ್ರದಲ್ಲಿ ಫೇರ್ ವಿಧಾನಕ್ಕೆ ಸ್ಥಳ ಸಾಲದಾದರೆ ಸರ್ವರು ಐಲೆಂಡ್ ವಿಧಾನವನ್ನು ಹಿಡಿಯುತ್ತದೆ. ಕೇಳಿದ್ದೊಂದು, ಬಂದದ್ದೊಂದು ಎಂಬ ಸಂದೇಹ ಬಂದಾಗ ಸರ್ವರಿನ ಸಂದೇಶಗಳನ್ನು ಓದಿನೋಡಬೇಕು.

ಇನ್ನು 'ಟೊಪಾಲಜಿ' ಎಂಬುದು ಚೌಕಗಳ ಜೋಡಣೆ. ಮನೆಗಳು ನಾಲ್ಕು ಮೂಲೆಯವೇ ಆರು ಮೂಲೆಯವೇ ಎಂಬ ವಿಚಾರ ಇದರಿಂದ ತೀರ್ಮಾನವಾಗುತ್ತದೆ. ಆರು ಮೂಲೆಯ ನಕ್ಷೆಗೆ ಆರು ಮೂಲೆಯ ಚಿತ್ರಗಳ ಕಟ್ಟು ಬೇಕು. ನಾಲ್ಕು ಮೂಲೆಯ ಚಿತ್ರಗಳನ್ನಿರಿಸಿಕೊಂಡರೆ ದಂಡು ಒಂದು ಕಡೆಗೆ ಹೊರಟು ಇನ್ನೊಂದು ಕಡೆಗೆ ಸರಿದಂತೆ ಕಾಣುತ್ತದೆ. ಇಲ್ಲಿ ಸರ್ವರೂ ಸರಿ, ಕ್ಲೈಂಟೂ ಸರಿ. ಇವೆರಡರ ಹೊಂದಾಣಿಕೆಯೇ ತಪ್ಪು.

ಆಗಾಗ ಎದುರಾಗುವ ತೊಡಕುಗಳು

ಎದುರಾಳಿಗಳ ಸಂಖ್ಯೆಯನ್ನು 'ಎಐಫಿಲ್' ಎಂಬ ಆಯ್ಕೆ ನೋಡಿಕೊಳ್ಳುತ್ತದೆ. ಇದರಲ್ಲಿ 5 ಎಂದು ಬರೆದರೆ ಐವರು ಎದುರಾಳಿಗಳು ಬರುತ್ತಾರೆಂದು ಅನೇಕರು ತಿಳಿಯುತ್ತಾರೆ. ಆ ಅಂಕಿ ಒಟ್ಟು ಆಟಗಾರರದು. ಒಬ್ಬ ಮನುಷ್ಯನಿದ್ದರೆ ಯಂತ್ರ ನಡೆಸುವವರು ನಾಲ್ವರು ಮಾತ್ರ.

ಫ್ರೀಸಿವ್‌ನಲ್ಲಿ ಸಾಮಾನ್ಯವಾಗಿ ಒಂದು ಸುತ್ತಿನೊಳಗೆ ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ನಡೆಗಳನ್ನು ನಡೆಸುತ್ತಾರೆ; ಎಲ್ಲರೂ 'ಮುಗಿಯಿತು' ಎಂದ ಮೇಲೆ ಸುತ್ತು ಉರುಳುತ್ತದೆ. 'ಟೈಮ್‌ಔಟ್' ಸೊನ್ನೆಯಾಗಿದ್ದರೆ ಕಾಲದ ಮಿತಿಯಿಲ್ಲ. ಆಗ ಒಬ್ಬನು ಊಟಕ್ಕೆದ್ದು ಹೋದರೆ ಉಳಿದವರೆಲ್ಲ ಕಾಯಬೇಕು. ಆಟ ನಿಂತುಹೋಯಿತೆಂದು ಯಂತ್ರವನ್ನು ಆರಿಸುವ ಮೊದಲು, ಯಾರು ಮುಗಿಸಿಲ್ಲವೆಂದು ಆಟಗಾರರ ಪಟ್ಟಿಯಲ್ಲಿ ನೋಡುವುದು ಲೇಸು.

ಹಿಂದಿನ ಸುತ್ತಿನಲ್ಲಿ ಕಂಡ ಶತ್ರುದಂಡು ಈಗ ಮಾಯವಾಯಿತೆಂಬುದು ಮತ್ತೊಂದು ದೂರು. 'ಫಾಗ್‌ಆಫ್‌ವಾರ್' ಎಂಬ ಆಯ್ಕೆ ಚಾಲನೆಯಲ್ಲಿದ್ದಾಗ, ತನ್ನ ಊರು ಮತ್ತು ದಂಡುಗಳ ದೃಷ್ಟಿಗೆ ನಿಲುಕುವಷ್ಟನ್ನು ಮಾತ್ರ ಆಟಗಾರನು ಕಾಣಬಲ್ಲನು. ಉಳಿದ ನೆಲ ಮಸುಕಾಗಿ ತೋರಿದರೂ ಅಲ್ಲಿನ ಈಗಿನ ಸ್ಥಿತಿ ತಿಳಿಯದು. ಶತ್ರು ಮಾಯವಾಗಿಲ್ಲ, ಕಣ್ಣಿಗೆ ಮರೆಯಾಗಿದ್ದಾನೆ.

ಶೋಧನೆಯ ಕ್ರಮ

ತೊಡಕಿನ ಕಾರಣವನ್ನು ಕಂಡುಹಿಡಿಯಲು ಆತುರ ಸಲ್ಲದು. ಮೊದಲು ನಡೆಯುತ್ತಿರುವ ಆಟವನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿಡಬೇಕು. ಹಲವು ದಿನಗಳ ಶ್ರಮ ಒಂದು ತಪ್ಪು ಪ್ರಯೋಗದಿಂದ ಕೆಡಬಾರದು. ಬಳಿಕ 'ಶೋ' ಅಪ್ಪಣೆಯಿಂದ ಈಗಿರುವ ಸೆಟ್ಟಿಂಗ್‌ಗಳನ್ನು ಓದಿ, ರೂಢಿಯಿಂದ ಬೇರೆಯಾದವುಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. 'ರೈಟ್' ಅಪ್ಪಣೆಯಿಂದ ಅವುಗಳನ್ನು ಒಂದು ಫೈಲಿನಲ್ಲಿಯೂ ಉಳಿಸಬಹುದು. ಆಮೇಲೆ ಹೊಸ ಆಟವೊಂದನ್ನು ರೂಢಿಯ ಅಂಕಿಗಳಿಂದಲೇ ತೆರೆಯಬೇಕು. ಅದರಲ್ಲಿ ತೊಡಕಿಲ್ಲವಾದರೆ, ಬದಲಾದ ಅಂಕಿಗಳನ್ನು ಒಂದೊಂದಾಗಿ ಮರಳಿ ತರಬೇಕು. ಒಮ್ಮೆಗೆ ಒಂದೇ. ಎರಡನ್ನು ಕೂಡಿಯೇ ಬದಲಿಸಿದವನಿಗೆ, ಗುಣ ಕಂಡರೂ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ಇಲ್ಲಿಯೇ 'ಮ್ಯಾಪ್‌ಸೀಡ್' ಎಂಬ ಬೀಜಸಂಖ್ಯೆಯ ಪ್ರಯೋಜನ ವಿದಿತವಾಗುತ್ತದೆ. ಯಂತ್ರದ 'ಯಾದೃಚ್ಛಿಕತೆ' ನಿಜವಾದ ಆಕಸ್ಮಿಕವಲ್ಲ. ಅದು ಒಂದು ಸಂಖ್ಯೆಯಿಂದ ಹೊರಟು ನಿಯತ ಗಣಿತದಂತೆ ಸಾಗುವ ಸರಣಿ. ಅದೇ ಆವೃತ್ತಿ, ಅದೇ ಸೆಟ್ಟಿಂಗ್‌ಗಳು, ಅದೇ ಬೀಜಸಂಖ್ಯೆಗಳಿದ್ದರೆ ಅದೇ ನಕ್ಷೆ ಮರಳಿ ಬರುತ್ತದೆ. ಬೀಜ ಬದಲಾದರೆ ಬೆಳೆಯೂ ಬದಲಾಗುತ್ತದೆ. ಆದುದರಿಂದ ಪರೀಕ್ಷಿಸುವವನು ಬೀಜಸಂಖ್ಯೆಯನ್ನು ಸ್ಥಿರವಾಗಿರಿಸಿ ಒಂದು ಅಂಕಿಯನ್ನು ಮಾತ್ರ ಬದಲಿಸಿದರೆ, ಕಂಡ ವ್ಯತ್ಯಾಸಕ್ಕೆ ಆ ಅಂಕಿಯೇ ಕಾರಣವೆಂದು ನಿಶ್ಚಯವಾಗಿ ಹೇಳಬಹುದು. ಪ್ರಯೋಗಶಾಲೆಯಲ್ಲಿ ಅನುಸರಿಸುವ ವಿಧಾನವೂ ಇದೇ. ದೋಷ ನಿಜವಾಗಿ ಕಾರ್ಯಕ್ರಮದ್ದೇ ಎಂದು ಸಿದ್ಧವಾದರೆ, ಆವೃತ್ತಿಯ ಸಂಖ್ಯೆ, ಸೆಟ್ಟಿಂಗ್‌ಗಳ ಪಟ್ಟಿ, ಸೇವ್ ಮಾಡಿದ ಫೈಲು ಇವುಗಳೊಡನೆ ಅದನ್ನು ಆಟದ ಅಭಿವೃದ್ಧಿಯಲ್ಲಿ ತೊಡಗಿದ ಸ್ವಯಂಸೇವಕರಿಗೆ ತಿಳಿಸಬಹುದು. ಇಷ್ಟು ವಿವರವಿದ್ದರೆ ದೂರದೇಶದಲ್ಲಿರುವ ಅಪರಿಚಿತನೂ ಅದೇ ದೋಷವನ್ನು ತನ್ನ ಯಂತ್ರದಲ್ಲಿ ಕಂಡು ತಿದ್ದಬಲ್ಲನು. 'ಆಟ ಕೆಟ್ಟಿದೆ' ಎಂಬ ಒಂದೇ ಮಾತಿನಿಂದ ಯಾರಿಗೂ ಉಪಯೋಗವಿಲ್ಲ.

ನ್ಯಾಯದ ವಿಚಾರ

ನಕ್ಷೆಯ ಆಯ್ಕೆಗಳಲ್ಲಿ ಅಡಗಿರುವ ಇನ್ನೊಂದು ಸಂಗತಿಯನ್ನು ಮರೆಯಲಾಗದು. ಗೆಳೆಯರು ಕೂಡಿ ಆಡುವಾಗ ಒಬ್ಬನಿಗೆ ಹುಲ್ಲುಗಾವಲು, ಮತ್ತೊಬ್ಬನಿಗೆ ಹಿಮದ ಅಂಚು ದೊರೆತರೆ, ಹತ್ತು ಸುತ್ತುಗಳಲ್ಲಿಯೇ ಸೋಲುಗೆಲುವು ಗೊತ್ತಾಗಿಬಿಡುತ್ತದೆ; ಉಳಿದುದು ಕಾಲಹರಣ, ಕೆಲವೊಮ್ಮೆ ಕಲಹ. ಸೆಟ್ಟಿಂಗ್‌ಗಳನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಆಟವನ್ನು ತೆರೆದವನ ಕೈಯಲ್ಲಿರುತ್ತದೆ. ತನಗೆ ಒಳ್ಳೆಯ ಸ್ಥಳ ಬರುವವರೆಗೂ ನಕ್ಷೆಯನ್ನು ಮತ್ತೆ ಮತ್ತೆ ಬರೆಸುವುದು ಅವನಿಗೆ ಸುಲಭ. ದೋಷಶೋಧಕನಿಗೆ ನೆರವಾದ ಬೀಜಸಂಖ್ಯೆಯೇ ಇಲ್ಲಿ ಕಪಟಕ್ಕೂ ಸಾಧನವಾಗಬಲ್ಲದು: ಸಂಖ್ಯೆಯನ್ನು ಮೊದಲೇ ಬಲ್ಲವನು ಒಬ್ಬನೇ ಕುಳಿತು ಇಡೀ ನಕ್ಷೆಯನ್ನು ನೋಡಿಕೊಂಡು ಬರಬಹುದು.

ಆದುದರಿಂದ ಪಂದ್ಯವಾಡುವಾಗ ಬೀಜಸಂಖ್ಯೆಯನ್ನು ಸೊನ್ನೆಗಿರಿಸಿ ಆಯ್ಕೆಯನ್ನು ಯಂತ್ರಕ್ಕೆ ಬಿಡುವುದು, ಗಾತ್ರ, ಭೂಮಿ, ಜನರೇಟರ್ ಮತ್ತು ಕಾಲಮಿತಿಗಳನ್ನು ಎಲ್ಲರೆದುರು ಓದಿ ಒಪ್ಪಿಗೆ ಪಡೆಯುವುದು, ನಕ್ಷೆ ತೆರೆದ ಮೇಲೆ ಬಂದುದನ್ನು ಎಲ್ಲರೂ ಸ್ವೀಕರಿಸುವುದು, ಈ ಮೂರನ್ನು ಪಾಲಿಸಿದರೆ ಸಾಕು. ಯಂತ್ರಕ್ಕೆ ಪಕ್ಷಪಾತವಿಲ್ಲ, ಕೊಟ್ಟ ಅಂಕಿಯಂತೆ ಅದು ಲೋಕವನ್ನು ರಚಿಸುತ್ತದೆ. ಆ ಅಂಕಿಯನ್ನು ಬರೆಯುವ ಕೈ ನೇರವಾಗಿದ್ದರೆ ಆಟವೂ ನೇರವಾಗಿರುತ್ತದೆ. ಆಗ ಸೋತವನೂ ಮರುದಿನ ಸಂತೋಷದಿಂದ ಆಟಕ್ಕೆ ಬಂದು ಕುಳಿತುಕೊಳ್ಳುತ್ತಾನೆ.