ಸಂದೇಹಿಯ ಕಿವಿಗೆ ಬಿದ್ದ ಜಾಜ್

ಜಾಜ್ ಸಂಗೀತದ ವಿಷಯದಲ್ಲಿ ನಾನು ಸಂದೇಹಿ. ಅದರ ಅಭಿಮಾನಿಗಳು ಸ್ವಾತಂತ್ರ್ಯವೆಂದು ಕೊಂಡಾಡುವುದು ಎಷ್ಟೋ ಸಲ ನನ್ನ ಕಿವಿಗೆ ಬರಿಯ ಚಾಪಲ್ಯವಾಗಿ ಕೇಳಿಸಿದೆ. ಬೆರಳಿನ ವೇಗವನ್ನೇ ಭಾವವೆಂದು ಬಗೆಯುವ ಭ್ರಾಂತಿ, ಮೌನವನ್ನು ಕಂಡರೆ ಅಂಜುವ ಅವಸರ, ಡ್ರಮ್ಮಿನ ಆರ್ಭಟ: ಇವು ನನ್ನ ಆಕ್ಷೇಪಣೆಗಳು. ಆದರೆ ಆಕ್ಷೇಪಣೆಯನ್ನು ಒರೆಗೆ ಹಚ್ಚಬೇಕಾದದ್ದು ಸಾಮಾನ್ಯ ಕೃತಿಯ ಮೇಲಲ್ಲ, ಶ್ರೇಷ್ಠವಾದುದರ ಮೇಲೆ. ಮಹಾಕವಿಯನ್ನು ಓದದೆ ಕಾವ್ಯಪರಂಪರೆಯೊಂದನ್ನು ತೂಗುವುದು ನ್ಯಾಯವಲ್ಲವಷ್ಟೆ. ಆದ್ದರಿಂದ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಎಂಬ ಧ್ವನಿಮುದ್ರಿಕೆಯನ್ನು ಆರಿಸಿಕೊಂಡೆ.

1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ಇದರ ಮುದ್ರಣ ನಡೆಯಿತು. ಕೊಲಂಬಿಯಾ ಸಂಸ್ಥೆಯ ಆ ಮುದ್ರಣಶಾಲೆ ಹಿಂದೊಮ್ಮೆ ಇಗರ್ಜಿಯಾಗಿದ್ದ ಕಟ್ಟಡ. ರಚನೆಗಳು ಐದೇ, ಕೇಳಲು ಮುಕ್ಕಾಲು ಗಂಟೆ ಸಾಕು. ಡೇವಿಸನದು ಟ್ರಂಪೆಟ್, ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿಯವರದು ಸ್ಯಾಕ್ಸೊಫೋನ್, ಪಿಯಾನೊ ಬಿಲ್ ಇವಾನ್ಸನದು, ಒಂದು ರಚನೆಗೆ ಮಾತ್ರ ವಿಂಟನ್ ಕೆಲ್ಲಿಯದು, ಬಾಸ್ ಪಾಲ್ ಚೇಂಬರ್ಸ್, ಡ್ರಮ್ ಜಿಮ್ಮಿ ಕಾಬ್. ವಾದಕರ ಮುಂದೆ ಇದ್ದದ್ದು ಪೂರ್ಣ ಸ್ವರಲಿಪಿಯಲ್ಲ, ರೂಪರೇಖೆ ಮಾತ್ರ.

ಮೊದಲ ರಚನೆ ‘ಸೋ ವಾಟ್’, ಎಂದರೆ ‘ಆದರೇನು?’. ಪಿಯಾನೊ ಮತ್ತು ಬಾಸ್ ತಾಳದ ಕಟ್ಟಿಲ್ಲದೆ ಮೆಲ್ಲನೆ ಮಾತಿಗೆ ತೊಡಗುತ್ತವೆ. ಬಳಿಕ ಬಾಸ್ ಒಂದು ಪ್ರಶ್ನೆ ಹಾಕುತ್ತದೆ. ಉಳಿದ ವಾದ್ಯಗಳು ಎರಡೇ ಸ್ವರಗುಚ್ಛಗಳಲ್ಲಿ ಉತ್ತರ ಕೊಡುತ್ತವೆ. 1940ರ ದಶಕದ ಜಾಜ್‌ನಲ್ಲಿ ಸ್ವರಗುಚ್ಛಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದವು. ವಾದಕ ಅವುಗಳ ಬೆನ್ನು ಹತ್ತಿ ಓಡಬೇಕಾಗಿತ್ತು. ಅವಸರದ ಮೂಲ ಅದು. ಡೇವಿಸ್ ಆ ಓಟವನ್ನು ನಿಲ್ಲಿಸಿದ. ನಾಲ್ಕೆಣಿಕೆಯ 16 ಆವರ್ತಗಳಿಗೆ ಒಂದೇ ಸ್ವರಶ್ರೇಣಿ. ಮುಂದಿನ 8ಕ್ಕೆ ಅದೇ ಶ್ರೇಣಿ ಅರ್ಧ ಸ್ವರ ಮೇಲಕ್ಕೆ. ಕೊನೆಯ 8ಕ್ಕೆ ಮತ್ತೆ ಮೊದಲಿನದು.

ಆ ಶ್ರೇಣಿಯ ಸ್ವರಗಳು ನಮ್ಮ ಖರಹರಪ್ರಿಯದ ಸ್ವರಗಳೇ. ಆದರೆ ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದಾಗದು. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಿಂದ ಹೊರಡಿಸಿದ ಗಮಕ ಇಲ್ಲಿಲ್ಲ. ಅದಕ್ಕಿಂತ ಮಿಗಿಲಾಗಿ, 16 ಆವರ್ತ ಮುಗಿದೊಡನೆ ಆಧಾರಷಡ್ಜವೇ ಸ್ಥಳ ಬಿಟ್ಟು ಏಳುತ್ತದೆ. ಶ್ರುತಿಯನ್ನು ತಾಯಿ ಎಂದು ನಂಬಿದ ಕಿವಿಗೆ ಇದು ನೆಲ ಜಾರಿದ ಅನುಭವ. ಆದರೂ ಎರಡು ಸುತ್ತು ಕಳೆದ ಮೇಲೆ ಆ ಜಾರಿಕೆಯನ್ನೇ ಕಿವಿ ನಿರೀಕ್ಷಿಸತೊಡಗುತ್ತದೆ. ಮೋಡ ಸರಿದು ಅಂಗಳದ ಬೆಳಕು ಬದಲಾದಂತೆ ಅದು ತೋರುತ್ತದೆ.

ಒಂದೇ ಚೌಕಟ್ಟಿನೊಳಗೆ ಮೂವರ ಸ್ವಭಾವ ಬೇರೆಬೇರೆಯಾಗಿ ಹೊರಬೀಳುವುದು ಗಮನಾರ್ಹ. ಡೇವಿಸ್ ಮಿತಭಾಷಿ, ನುಡಿಸಿದ ಸ್ವರಗಳಷ್ಟೇ ಬಿಟ್ಟ ಸ್ವರಗಳೂ ಮಾತನಾಡುತ್ತವೆ. ಕೋಲ್ಟ್ರೇನ್ ಏನನ್ನೋ ಹುಡುಕುವ ತಳಮಳದವನು. ಆಡರ್ಲಿ ಉಲ್ಲಾಸಶೀಲ. ಒಂದೇ ಸಾಲಿನ ನೆರವಲಿನಲ್ಲಿ ವಿದ್ವಾಂಸರ ಮನೋಧರ್ಮ ಬಯಲಾಗುವುದೂ ಹೀಗೆಯೇ. ಕಟ್ಟು ಇಲ್ಲದಿದ್ದರೆ ಈ ಸ್ವಾತಂತ್ರ್ಯ ಕಾಣುತ್ತಲೇ ಇರಲಿಲ್ಲ.

ಮುದ್ರಿಕೆ ಹೊರಬಂದದ್ದು 1959ರ ಆಗಸ್ಟ್ 17ರಂದು. ಅದೇ ತಿಂಗಳು ಮುಗಿಯುವ ಮೊದಲೇ, ತಾನು ನುಡಿಸುತ್ತಿದ್ದ ಬರ್ಡ್‌ಲ್ಯಾಂಡ್ ಸಭಾಂಗಣದ ಹೊರಗೆ, ಕಾಲುದಾರಿಯಲ್ಲಿ ನಿಂತಿದ್ದ ಡೇವಿಸನ ತಲೆಯ ಮೇಲೆ ಪೊಲೀಸರ ಏಟು ಬಿತ್ತು. ಅಂಗಿ ರಕ್ತದಿಂದ ತೊಯ್ದಿತು. ಆತ ಕಪ್ಪು ಜನಾಂಗದವನು. ಈ ಘಟನೆಯಿಂದ ಆ ಸಂಗೀತ ಹುಟ್ಟಿತೆನ್ನುವಂತಿಲ್ಲ, ಸಂಗೀತ ಮೊದಲಿನದು. ಆದರೆ ಆ ಏಟನ್ನು ಸಾಧ್ಯವಾಗಿಸಿದ ಬೀದಿ ಮೊದಲೂ ಇದ್ದದ್ದೇ. ಅಂತಹ ಬೀದಿಯಲ್ಲಿ ನಡೆದು ಬಂದು ಹೀಗೆ ಮೆಲುದನಿಯಲ್ಲಿ ನುಡಿಸುವುದು ಸುಖಜೀವಿಯ ಶಾಂತಿಯಲ್ಲ, ಗಳಿಸಿಕೊಂಡ ಸಂಯಮ.

ಜಾಜ್ ಸಮಸ್ತಕ್ಕೂ ಈ ಒಂದು ಮುದ್ರಿಕೆ ಸಾಕ್ಷಿಯಾಗಲಾರದು. ಬೆರಳಿನ ವೇಗವನ್ನು ನಾನು ಇನ್ನೂ ಭಾವವೆಂದು ಒಪ್ಪಲಾರೆ. ನನ್ನಂತಹ ಸಂದೇಹಿಗಳಿಗೆ ಹೇಳುವುದಿಷ್ಟೆ: ‘ಬ್ಲೂ ಇನ್ ಗ್ರೀನ್’ ಎಂಬ ಐದೂವರೆ ನಿಮಿಷದ ರಚನೆಯಿಂದ ತೊಡಗಿರಿ. ಬಾಯಿಗೆ ಮುಚ್ಚಳವಿಟ್ಟ ಟ್ರಂಪೆಟ್ಟಿನ ಆ ಕ್ಷೀಣ ದನಿ ನಿಮ್ಮನ್ನು ಒಲಿಸಲು ಬರುವುದಿಲ್ಲ. ಕೇಳಬೇಕಾದರೆ ನೀವೇ ಸುಮ್ಮನಾಗಬೇಕು.