ಕಾರಿನ ಇಂಧನ ಟ್ಯಾಂಕ್ ಸೋರಿಕೆ

ಇಂಧನ ಟ್ಯಾಂಕ್ ಸೋರಿಕೆ ಎಂದರೆ ಮೋಟಾರು ವಾಹನದ ಟ್ಯಾಂಕಿನಿಂದ ಅಥವಾ ಅದಕ್ಕೆ ಜೋಡಿಸಿದ ಕೊಳವೆ, ಮುಚ್ಚಳಗಳಿಂದ ಪೆಟ್ರೋಲ್ ಇಲ್ಲವೆ ಡೀಸೆಲ್ ದ್ರವವಾಗಿಯಾಗಲಿ ಆವಿಯಾಗಿಯಾಗಲಿ ಹೊರಬರುವ ದೋಷ. ಪೆಟ್ರೋಲ್ ಸುಮಾರು −40 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಉಷ್ಣತೆಯಲ್ಲಿಯೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಈ ಆವಿಯು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿದ್ದು, ನೆಲದ ತಗ್ಗುಗಳಲ್ಲಿ ಶೇಖರವಾಗುತ್ತದೆ. ಡೀಸೆಲ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳದಿದ್ದರೂ ಬಿಸಿ ಸೈಲೆನ್ಸರಿನ ಮೇಲೆ ಬಿದ್ದಾಗ ಅಪಾಯಕಾರಿಯೇ ಆಗಿದೆ.

ರಚನೆ
ಬಹುತೇಕ ಕಾರುಗಳಲ್ಲಿ ಟ್ಯಾಂಕು ಹಿಂದಿನ ಆಸನದ ಕೆಳಗೆ ಇರುತ್ತದೆ. ಹಳೆಯ ಕಾರುಗಳ ಟ್ಯಾಂಕುಗಳು ಉಕ್ಕಿನ ತಗಡಿನವು. ಇತ್ತೀಚಿನ ಅನೇಕ ಕಾರುಗಳಲ್ಲಿ ಪಾಲಿಥೀನ್ ಪ್ಲಾಸ್ಟಿಕ್ಕಿನ ಟ್ಯಾಂಕುಗಳಿವೆ. ಇಂಧನ ತುಂಬುವ ಕೊಳವೆ, ಗಾಳಿ ಹೊರಹೋಗುವ ಕೊಳವೆ, ಎಂಜಿನ್ನಿಗೆ ಇಂಧನ ಒಯ್ಯುವ ಕೊಳವೆ ಹಾಗೂ ಪೆಟ್ರೋಲ್ ಕಾರುಗಳಲ್ಲಿ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಟ್ಯಾಂಕಿಗೆ ಸೇರಿಕೊಂಡಿರುತ್ತವೆ. ಟ್ಯಾಂಕಿನೊಳಗೆ ಪಂಪು ಇರುವ ಕಾರುಗಳಲ್ಲಿ ಅದರ ಮೇಲ್ಭಾಗವನ್ನು ರಬ್ಬರಿನ ಉಂಗುರವೊಂದು ಮುಚ್ಚುತ್ತದೆ. ಟ್ಯಾಂಕು ಸೋರುತ್ತಿದೆ ಎಂದು ತೋರುವ ಸಂದರ್ಭಗಳಲ್ಲಿ ಟ್ಯಾಂಕಿನ ಗೋಡೆ ಸುಸ್ಥಿತಿಯಲ್ಲಿದ್ದು ಈ ಜೋಡಣೆಗಳಲ್ಲಿ ದೋಷವಿರುವುದೂ ಉಂಟು.

ಕಾರಣಗಳು
ಉಕ್ಕಿನ ಟ್ಯಾಂಕಿಗೆ ಮುಖ್ಯ ಶತ್ರು ತುಕ್ಕು. ಹೊರಗಡೆ ಕೆಸರು ಅಂಟಿ ಒದ್ದೆಯಾಗಿಯೇ ಉಳಿಯುವ ಅಂಚುಗಳಲ್ಲಿಯೂ, ಒಳಗಡೆ ತಳದಲ್ಲಿ ನೀರು ನಿಲ್ಲುವ ಜಾಗದಲ್ಲಿಯೂ ತುಕ್ಕು ಹುಟ್ಟಿ ಸೂಜಿಮೊನೆಯಷ್ಟು ತೂತುಗಳಾಗುತ್ತವೆ. ರಸ್ತೆಯ ಕಲ್ಲು ಬಡಿಯುವುದು, ಟ್ಯಾಂಕನ್ನು ಹಿಡಿದಿರುವ ಪಟ್ಟಿ ಉಜ್ಜುವುದು, ರಬ್ಬರ್ ಕೊಳವೆ ಬಿರಿಯುವುದು ಮತ್ತು ಕ್ಲಿಪ್ಪು ಸಡಿಲವಾಗುವುದು ಇತರ ಕಾರಣಗಳು. ಭಾರತದಲ್ಲಿ 20 ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ 2023ರಲ್ಲಿ ಆರಂಭವಾಯಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಅದಕ್ಕೆಂದು ತಯಾರಿಸದ ಹಳೆಯ ರಬ್ಬರ್ ಭಾಗಗಳು ಅದರಿಂದ ಊದಿಕೊಂಡು ಬಿರಿಯಬಹುದು.

ಪತ್ತೆಹಚ್ಚುವಿಕೆ
ಸೋರಿಕೆ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದೇ ಅದರ ಸ್ಥಳವನ್ನು ಬಹುಮಟ್ಟಿಗೆ ಸೂಚಿಸುತ್ತದೆ.

• ಟ್ಯಾಂಕು ಪೂರ್ತಿ ತುಂಬಿಸಿದಾಗ ಮಾತ್ರ ಸೋರಿದರೆ ತುಂಬುವ ಕೊಳವೆ, ಗಾಳಿಕೊಳವೆ ಅಥವಾ ಪಂಪಿನ ಉಂಗುರವನ್ನು ಶಂಕಿಸಬೇಕು.
• ಎಂಜಿನ್ ಓಡುವಾಗ ಮಾತ್ರ ಸೋರಿದರೆ ದೋಷವು ಪಂಪಿನಿಂದ ಮುಂದೆ, ಒತ್ತಡವಿರುವ ಕೊಳವೆಯಲ್ಲಿ ಅಥವಾ ಫಿಲ್ಟರಿನ ಜೋಡಣೆಯಲ್ಲಿ ಇರುವ ಸಂಭವ ಹೆಚ್ಚು.
• ನಿಂತಿರುವ ಕಾರಿನಿಂದಲೂ ಸದಾ ಹನಿಯುತ್ತಿದ್ದರೆ ಟ್ಯಾಂಕಿನ ಕೆಳಭಾಗವನ್ನು ಪರೀಕ್ಷಿಸಬೇಕು.
• ಹನಿಯಿಲ್ಲದೆ ಕಾರಿನೊಳಗೆ ವಾಸನೆ ಮಾತ್ರ ಬಂದರೆ ಪಂಪಿನ ಉಂಗುರ, ಗಾಳಿಕೊಳವೆ ಅಥವಾ ಇದ್ದಿಲಿನ ಡಬ್ಬಿ ಕಾರಣವಾಗಿರಬಹುದು.

ಹವಾನಿಯಂತ್ರಕದಿಂದ ತೊಟ್ಟಿಕ್ಕುವ ನೀರನ್ನು ಸೋರಿಕೆಯೆಂದು ಭ್ರಮಿಸುವುದುಂಟು. ಕಾರಿನಡಿ ರಟ್ಟನ್ನು ಹಾಸಿದರೆ ವ್ಯತ್ಯಾಸ ತಿಳಿಯುತ್ತದೆ: ಪೆಟ್ರೋಲ್ ವಾಸನೆ ಬಿಟ್ಟು ಬೇಗ ಆರುತ್ತದೆ, ಡೀಸೆಲ್ ಜಿಡ್ಡಿನ ಕಲೆಯಾಗಿ ಉಳಿಯುತ್ತದೆ, ನೀರಿಗೆ ವಾಸನೆಯಿರುವುದಿಲ್ಲ. ಹನಿ ಬೀಳುವ ಜಾಗವೇ ತೂತಿನ ಜಾಗವಲ್ಲ. ಮೇಲಿನಿಂದ ಇಳಿದ ಇಂಧನ ಅಂಚಿನಗುಂಟ ಹರಿದು ಬೇರೆಡೆ ತೊಟ್ಟಿಕ್ಕುತ್ತದೆ. ಆದ್ದರಿಂದ ಟ್ಯಾಂಕನ್ನು ಒರೆಸಿ ಒಣಗಿಸಿ, ಒದ್ದೆ ಮೊದಲು ಮೂಡುವ ಸ್ಥಳವನ್ನು ಗುರುತಿಸಬೇಕು. ಪರೀಕ್ಷೆಯನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ ಮಾಡಬೇಕು. ಆವಿ ಕೆಳಗಿಳಿದು ನಿಲ್ಲುವುದರಿಂದ ಗ್ಯಾರೇಜಿನ ಗುಂಡಿಯೊಳಗೆ ಈ ಕೆಲಸ ಸಲ್ಲದು.

ದುರಸ್ತಿ
ಕೊಳವೆ, ಕ್ಲಿಪ್ಪು ಮತ್ತು ರಬ್ಬರ್ ಉಂಗುರಗಳನ್ನು ಬದಲಿಸುವುದೇ ಸರಿಯಾದ ಕ್ರಮ. ಪ್ಲಾಸ್ಟಿಕ್ ಟ್ಯಾಂಕು ಬಿರಿದರೆ ಸಾಮಾನ್ಯವಾಗಿ ಹೊಸದನ್ನೇ ಹಾಕಲಾಗುತ್ತದೆ. ಪಾಲಿಥೀನ್ ಮೇಲೆ ಸಾಮಾನ್ಯ ಅಂಟುಗಳು ಸರಿಯಾಗಿ ಹಿಡಿಯುವುದಿಲ್ಲ. ಉಕ್ಕಿನ ಟ್ಯಾಂಕಿನ ಚಿಕ್ಕ ತೂತನ್ನು ತುಕ್ಕು ಕೆರೆದು ಎಪಾಕ್ಸಿ ಮೇಣದಿಂದ ಮುಚ್ಚಬಹುದಾದರೂ ಸುತ್ತಲಿನ ತಗಡು ತೆಳುವಾಗಿದ್ದರೆ ಅದು ಬಹುಕಾಲ ನಿಲ್ಲದು.

ಟ್ಯಾಂಕಿಗೆ ಬೆಸುಗೆ ಹಾಕುವುದು ಈ ದುರಸ್ತಿಯ ಅತ್ಯಂತ ಅಪಾಯಕಾರಿ ಹಂತ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು 1.4ರಿಂದ 7.6 ಶೇಕಡದ ನಡುವೆ ಇರುವಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ತುಂಬಿದ ಟ್ಯಾಂಕಿನೊಳಗೆ ಗಾಳಿಗೆ ಜಾಗ ಕಡಿಮೆ. ಖಾಲಿ ಮಾಡಿದ ಟ್ಯಾಂಕಿನಲ್ಲಿ ಅಂಚುಗಳಲ್ಲಿ ಉಳಿದ ಅಲ್ಪ ಪೆಟ್ರೋಲೂ ಈ ಮಿಶ್ರಣವನ್ನು ಉಂಟುಮಾಡಬಲ್ಲದು. ಹೀಗಾಗಿ ಬೆಸುಗೆಯ ದೃಷ್ಟಿಯಿಂದ ಖಾಲಿ ಟ್ಯಾಂಕು ಸುರಕ್ಷಿತವೆಂಬ ನಂಬಿಕೆ ತಪ್ಪು. ಟ್ಯಾಂಕನ್ನು ಕಾರಿನಿಂದ ಬೇರ್ಪಡಿಸಿ, ತೊಳೆದು, ಹಬೆ ಹಾಯಿಸಿ, ಆವಿ ಉಳಿದಿಲ್ಲವೆಂದು ಉಪಕರಣದಿಂದ ಖಚಿತಪಡಿಸಿಕೊಂಡ ನಂತರ ನುರಿತವರು ಮಾತ್ರ ಈ ಕೆಲಸ ಮಾಡಬೇಕು.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ಭಾಗದ ಬೆಟ್ಟದ ದಾರಿಗಳಲ್ಲಿ
ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಬಯಲಿನ ರಸ್ತೆ ಬೇಗನೆ ಕಾಡಿನ ಏರುದಾರಿಯಾಗುತ್ತದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟದ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೂ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೂ ಯಾತ್ರಿಕರ ವಾಹನಗಳು ಹೋಗುತ್ತವೆ. ಏರುವಾಗ ಇಂಧನವು ಟ್ಯಾಂಕಿನ ಹಿಂಬದಿಗೂ ಇಳಿಯುವಾಗ ಮುಂಬದಿಗೂ ಸರಿಯುತ್ತದೆ. ಅದರಿಂದ ಸಮತಟ್ಟಿನಲ್ಲಿ ಇಂಧನದ ಮಟ್ಟಕ್ಕಿಂತ ಮೇಲಿದ್ದ ತೂತು ಇಳಿಜಾರಿನಲ್ಲಿ ಮುಳುಗಿ ಸೋರತೊಡಗುತ್ತದೆ. ಊರಿನಲ್ಲಿ ವಾಸನೆ ಮಾತ್ರ ಬರುತ್ತಿದ್ದ ಕಾರು ಘಟ್ಟದಲ್ಲಿ ಹನಿಯಲು ಇದೇ ಕಾರಣ. ವಾಸನೆ ಕಂಡುಬಂದ ಕಾರನ್ನು ಬೆಟ್ಟ ಹತ್ತಿಸುವ ಮುನ್ನ ಕೊಳ್ಳೇಗಾಲದಂತಹ ಪಟ್ಟಣದಲ್ಲಿಯೇ ಪರೀಕ್ಷಿಸುವುದು ಲೇಸು.

ದಾರಿಯಲ್ಲಿ ಸೋರಿಕೆ ಕಂಡರೆ ಒಣಹುಲ್ಲಿನಿಂದ ದೂರ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ಗಾಳಿ ಬೀಸಿಬರುವ ಕಡೆಗೆ ಸರಿಯಬೇಕು. ಬೀಡಿ, ಸಿಗರೇಟು ಹಚ್ಚಬಾರದು. ಬಿಳಿಗಿರಿರಂಗನ ಬೆಟ್ಟವು 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ. ಮಲೆ ಮಹದೇಶ್ವರ ಬೆಟ್ಟವು 2013ರಿಂದ ವನ್ಯಜೀವಿಧಾಮವಾಗಿದೆ. ಬೇಸಿಗೆಯಲ್ಲಿ ಇಲ್ಲಿನ ಕುರುಚಲು ಕಾಡಿಗೆ ಒಂದು ಕಿಡಿ ಸಾಕು. ತೂತಿಗೆ ಬಟ್ಟೆ ಸಾಬೂನನ್ನು ಒತ್ತಿ ಉಜ್ಜುವುದು ಚಾಲಕರಲ್ಲಿ ರೂಢಿಯಲ್ಲಿರುವ ಉಪಾಯ. ಸಾಬೂನು ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಕಾರಣ ಹನಿ ಕೆಲಕಾಲ ನಿಲ್ಲುತ್ತದೆ. ಆದರೆ ಅದು ಎಳೆದೊಯ್ಯುವ ವಾಹನ ಬರುವವರೆಗಿನ ತಡೆಯೇ ಹೊರತು ದುರಸ್ತಿಯಲ್ಲ. ಚೆಲ್ಲಿದ ಇಂಧನಕ್ಕೆ ನೀರು ಸುರಿದರೆ ಅದು ತೇಲಿಕೊಂಡು ಹರಡುತ್ತದೆ. ಮರಳು ಅಥವಾ ಮಣ್ಣು ಹಾಕಿ ಹೀರಿಸಬೇಕು.